ನೀಲಗಂಗಮ್ಮನ ವಠಾರದ ಗುರುತ್ವ

"ಆ ಪೆಟ್ಟಿಗೇಲಿ ಏನಿದೆ ಹೇಳ್ತೀರೋ, ಕೋಣೆ ಖಾಲಿ ಮಾಡ್ತೀರೋ?"

ಬಸವೇಶ್ವರನಗರದ ವಠಾರದ ಒಡತಿ ನೀಲಗಂಗಮ್ಮ ಬಾಗಿಲಿಗೆ ಅಡ್ಡ ನಿಂತಿದ್ದರು. ನೆಲಕ್ಕೆ ಕವುಚಿ ಪೆಟ್ಟಿಗೆಯ ಕೊಳವೆಗೆ ಕಣ್ಣಿಟ್ಟಿದ್ದ ಭೌತಶಾಸ್ತ್ರದ ಮೇಷ್ಟ್ರು ಪುರುಷೋತ್ತಮ ತಲೆಯೆತ್ತಿದ.

"ಸ್ಪ್ರಿಂಗಿಗೆ ಕಟ್ಟಿದ ತೂಕ ಅಮ್ಮ. ಭೂಮಿ ಎಷ್ಟು ಎಳೆಯುತ್ತೆ ಅಂತ ಅಳೆಯೋದು. ಮುಂದೆ ಇದಕ್ಕೆ ಪರಮಾಣುಗಳೇ ಸಾಕು. ಲೇಸರ್ ಬೆಳಕಲ್ಲಿ ತಣ್ಣಗೆ ಮಾಡಿ ಬೀಳಿಸಿದ್ರೆ, ಒಂದೇ ಪರಮಾಣು ಎರಡು ದಾರೀಲಿ ಒಟ್ಟಿಗೆ ಹೋಗಿ, ಕೊನೇಲಿ ತನ್ನ ಜೊತೆ ತಾನೇ ಸೇರಿ ಲೆಕ್ಕ ಒಪ್ಪಿಸುತ್ತೆ."

"ಎರಡು ದಾರಿ ಹಿಡಿಯೋರ್ನ ನಾನು ವಠಾರದಲ್ಲಿ ಇಟ್ಕೊಳಲ್ಲ ಸಾರ್." ನೀಲಗಂಗಮ್ಮ ದನಿ ತಗ್ಗಿಸಿದರು. "ಇದ್ರಲ್ಲಿ ನೆಲದ ಒಳಗಡೆ ಕಾಣುತ್ತಾ?"

"ಕಾಣಲ್ಲ. ಕೆಳಗೆ ಭಾರ ಹೆಚ್ಚಿದ್ರೆ ಗೊತ್ತಾಗುತ್ತೆ."

ಆಕೆಯ ಮುಖ ಬಾಡಿತು. "ಶುಕ್ರವಾರ ಖಾಲಿ ಮಾಡಿ."

ಎಂಬತ್ತೇಳರ ಆ ಬೇಸಿಗೆಯಲ್ಲಿ ಪುರುಷೋತ್ತಮನಿಗೊಂದು ಅದ್ಭುತ ಸಿಕ್ಕಿತ್ತು. ಸೋಮವಾರ ಮತ್ತು ಗುರುವಾರ ಬೆಳಗಾಗುವಷ್ಟರಲ್ಲಿ ಅವನ ಕೋಣೆಯ ಗುರುತ್ವ ಒಂದಿಷ್ಟು ಏರುತ್ತಿತ್ತು. ಆಮೇಲೆ ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಪೆಟ್ಟಿಗೆಯನ್ನು ಕಾಲೇಜಿನಲ್ಲಿಟ್ಟರೆ ಇಂಥದ್ದೇನೂ ಇಲ್ಲ! ಮೂರು ವಾರ ಹೀಗೇ ಆಗಿತ್ತು. ನಾಲ್ಕನೆಯ ಗುರುವಾರವೂ ಆದರೆ ಪಠ್ಯಪುಸ್ತಕದಲ್ಲಿ ಅವನ ಫೋಟೋ ಗ್ಯಾರಂಟಿ. ಊಟ, ನಿದ್ದೆ ಬಿಟ್ಟ. ನಲ್ಲಿಯಲ್ಲಿ ನೀರಿಲ್ಲದೆ ಸ್ನಾನವನ್ನಂತೂ ಎಂದೋ ಬಿಟ್ಟಿದ್ದ. ಸಹೋದ್ಯೋಗಿಗಳು ಮೂಗು ಮುಚ್ಚಿಕೊಂಡು ಗೌರವ ತೋರುತ್ತಿದ್ದರು.

ಗುರುವಾರ ಬೆಳಗ್ಗೆ ಆರು ಗಂಟೆ. ಪೆಟ್ಟಿಗೆಯ ಮುಳ್ಳು ಜರುಗಿತು. ಹಿಂದಿನಷ್ಟೇ ಜರುಗಿತು!

ಪುರುಷೋತ್ತಮ ಉಟ್ಟ ಪಂಚೆಯಲ್ಲೇ ಅಂಗಳಕ್ಕೆ ಹಾರಿದ. ವಠಾರದವರೆಲ್ಲ ಬ್ರಷ್ ಬಾಯಲ್ಲಿಟ್ಟುಕೊಂಡು ತಿರುಗಿದರು.

"ಸಿಕ್ತು ಅಮ್ಮಾ! ವಾರಕ್ಕೆರಡು ಸಲ ನನ್ನ ಕೋಣೆ ಕೆಳಗೆ ಯಾರಿಗೂ ಗೊತ್ತಿಲ್ಲದ್ದು ನಡೀತಿದೆ! ಇವತ್ತೇ ಬರೆದು ಕಳಿಸ್ತೀನಿ, ಪ್ರಪಂಚಕ್ಕೆಲ್ಲ ತಿಳೀಲಿ!"

ನೀಲಗಂಗಮ್ಮ ಬಿಳಿಚಿಕೊಂಡರು. ಅವನ ರಟ್ಟೆ ಹಿಡಿದು ಕೋಣೆಗೆ ಎಳೆದುಕೊಂಡು ಹೋಗಿ ಚಿಲಕ ಹಾಕಿದರು. ಕೈ ಜೋಡಿಸಿದರು.

"ಕೂಗ್ಬೇಡಿ ಸಾರ್, ನಿಮಗೆ ದಿನಾ ನಾಲ್ಕು ಬಕೆಟ್ ನೀರು ಕೊಡ್ತೀನಿ, ನಲ್ಲಿ ಬಂದ ದಿನ ನೀರನ್ನೆಲ್ಲ ಈ ಕೋಣೆ ಕೆಳಗಿನ ಸಂಪು ತೊಟ್ಟಿಗೆ ತಿರುಗಿಸ್ಕೋತೀನಿ ಅಂತ ಮಾತ್ರ ವಠಾರದವರಿಗೆ ಹೇಳ್ಬೇಡಿ!"