ನಾಲ್ಕನೇ ಪೆಟ್ಟಿಗೆ

"ಇನ್ನೊಂದು ಕೇಬಲ್ ಕಿತ್ತಿದ್ದು ಯಾರು?" ಮ್ಯಾನೇಜರ್ ಮೂರನೇ ಸಲ ಕೇಳಿದರು.

ಇಂಜಿನಿಯರ್ ಕುಳಿತಲ್ಲಿ ಕೂರಲಾರದೆ ಎದ್ದು ನಿಂತ. ಅತಿಥಿಗಳೆದುರು ಮಾನ ಹೋಗಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ.

ಬಾಟಲಿ ತುಂಬುವ ಆರು ಯಂತ್ರಗಳನ್ನು ಕೇಬಲ್‌ಗಳಿಂದ ಉಂಗುರದಂತೆ ಜೋಡಿಸಿದವನು ಅವನೇ. ಪ್ರತಿ ಯಂತ್ರದ ಪಕ್ಕದಲ್ಲೂ ಕೇಬಲ್‌ಗಳು ಬಂದು ಸೇರುವ ಒಂದೊಂದು ಪೆಟ್ಟಿಗೆ. ಒಂದು ಕಡೆ ಕೇಬಲ್ ತುಂಡಾದರೆ ಸಂದೇಶ ಹಿಂದಿನಿಂದ ಸುತ್ತಿ ಬರುತ್ತದೆ, ಲೈನ್ ನಿಲ್ಲುವುದಿಲ್ಲ. ವರ್ಷಕ್ಕೊಮ್ಮೆ ಅತಿಥಿಗಳನ್ನು ಕರೆಸಿ, ಒಂದು ಕೇಬಲ್ ಕಿತ್ತು ತೋರಿಸುವುದು ಅಲ್ಲಿನ ರೂಢಿ. ಇವತ್ತು ಒಂದನೇ ಪೆಟ್ಟಿಗೆಯದನ್ನು ಕಿತ್ತ. ಇಡೀ ಲೈನ್ ತಟ್ಟನೆ ನಿಂತಿತು. ಅಂದರೆ ಉಂಗುರ ಇನ್ನೊಂದು ಕಡೆಯೂ ತುಂಡಾಗಿತ್ತು.

ಹುಡುಕಿದರೆ, ನಾಲ್ಕನೇ ಪೆಟ್ಟಿಗೆಯಲ್ಲಿ ಕೇಬಲೊಂದು ನೇತಾಡುತ್ತಿತ್ತು. ಆ ಪೆಟ್ಟಿಗೆಯ ಬೀಗದ ಕೈ ಇರುವುದು ಆ ಯಂತ್ರ ನಡೆಸುವ ಅಕ್ಕನ ಬಳಿ. ಹೋದ ವಾರ ಬಡ್ತಿ ತಪ್ಪಿದವಳು.

"ನಾನು ಕಿತ್ತಿಲ್ಲ ಸಾರ್," ಎಂದಳು ಅಕ್ಕ. "ಲೈನ್ ನಿಲ್ಲಿಸ್ಬೇಕಂದ್ರೆ ಕೆಂಪು ಗುಂಡಿ ಒತ್ತಿದ್ರೆ ಸಾಕಿತ್ತು. ಪೆಟ್ಟಿಗೆ ಒಳಗೆ ಕೈ ಹಾಕಿದ್ರೆ ಈ ಇಂಜಿನಿಯರ್ ಸಾರ್ ಬೈತಾರೆ ಅಂತ ನಾನು ಹೊರಗಡೆ ಮಾತ್ರ ಒರೆಸೋದು. ಹಳದಿ ದೀಪದ ವಿಷಯ ಹೇಳಿದ್ದೂ ನಾನೇ."

"ಯಾವ ದೀಪ ಅದು?" ಮ್ಯಾನೇಜರ್ ಕೇಳಿದರು.

"ಪೆಟ್ಟಿಗೆ ಮೇಲಿಂದು. ಮೊದ್ಲು ಹಸಿರಿತ್ತು. ಹಳದಿ ಆಗಿ ಎಷ್ಟೋ ತಿಂಗಳಾಯ್ತು. ಹೇಳಿದ್ರೆ ಇವರು, 'ಲೈನ್ ಓಡ್ತಿದೆ ತಾನೆ ಅಕ್ಕ, ಬಣ್ಣ ನೋಡ್ತಾ ಕೂರ್ಬೇಡಿ' ಅಂದ್ರು."

"ಮಾತು ತಿರುಗಿಸ್ಬೇಡಿ," ಎಂದ ಇಂಜಿನಿಯರ್.

ಮ್ಯಾನೇಜರ್ ಅಕ್ಕನ ವಜಾ ಪತ್ರವನ್ನು ಅವನತ್ತ ತಳ್ಳಿದರು. "ನೀವೊಂದು ಸಹಿ ಹಾಕಿ. ಅಲ್ಲಿಗೆ ಮುಗೀತು."

ಅಕ್ಕ ಬೀಗದ ಕೈಯನ್ನು ಗೊಂಚಲಿನಿಂದ ಬಿಡಿಸಿ ಮೇಜಿನ ಮೇಲಿಟ್ಟಳು.

ಅವನು ಪೆನ್ನು ತೆಗೆದ. ಸಾಕ್ಷಿಗೆಂದು ಬಿಚ್ಚಿ ತಂದಿದ್ದ ಕೇಬಲನ್ನು ಪಕ್ಕಕ್ಕೆ ಸರಿಸಿದಾಗ ಬೆರಳು ಕಪ್ಪಾಯಿತು. ಅದರ ತುದಿಯಲ್ಲಿ ಧೂಳು ಕಂಬಳಿಯಂತೆ ದಪ್ಪಗೆ ಕೂತಿತ್ತು. ಬೆರಳನ್ನು ಪ್ಯಾಂಟಿಗೆ ಉಜ್ಜಿದ. ಮತ್ತೊಮ್ಮೆ ಉಜ್ಜಿದ. ಹೋಗಲಿಲ್ಲ.

ತಲೆ ಎತ್ತಿದರೆ ಗೋಡೆಯ ಮೇಲೆ ಕಟ್ಟು ಹಾಕಿಸಿದ ಫೋಟೊ. ಹೋದ ವರ್ಷದ್ದು. ಕಿತ್ತ ಕೇಬಲನ್ನು ಗೆದ್ದ ಟ್ರೋಫಿಯಂತೆ ಎತ್ತಿ ಹಿಡಿದು ಅವನು ನಗುತ್ತಿದ್ದ. ಅತಿಥಿಗಳು ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ಮ್ಯಾನೇಜರ್ ಹೆಗಲ ಮೇಲೆ ಕೈ ಹಾಕಿ ಅವನನ್ನು ನೇರವಾಗಿ ಚಹಾಕ್ಕೆ ಕರೆದೊಯ್ದಿದ್ದರು.

ದಿನವೂ ಆ ಫೋಟೊದಲ್ಲಿ ಅವನು ನೋಡುತ್ತಿದ್ದದ್ದು ತನ್ನ ಮುಖವನ್ನಷ್ಟೇ.

ಫೋಟೊದಲ್ಲಿ ಅವನ ಬೆನ್ನ ಹಿಂದೆ ಬಾಗಿಲು ತೆರೆದು ನಿಂತಿದ್ದ ಪೆಟ್ಟಿಗೆಯ ಮೇಲಿನ ಅಂಕಿ ನಾಲ್ಕು.