ಹೇಳಿಕೊಟ್ಟ ಮದುವೆ

“ನಾನು ಮಂಚದ ಯಾವ ಕಡೆ ಮಲಗ್ತೀನಿ?”

“ಗೋಡೆ ಕಡೆ.”

“ಅಯ್ಯೋ, ಗೋಡೆ ಕಡೆ ಮಲಗೋದು ನೀವು. ನಾನು ಬಾಗಿಲ ಕಡೆ. ಇನ್ನೊಂದ್ಸಲ ಹೇಳಿ.”

ಆ-ತ್ಸೈ ತಲೆ ಕೆರೆದುಕೊಂಡ. ಕೀಲುಂಗ್ ಬಂದರಿನಲ್ಲಿ ದೋಣಿಗಳಿಗೆ ಬೆಸುಗೆ ಹಾಕುತ್ತ ತಲೆ ನರೆತವನು ಅವನು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಈಗ ಥೋವಾ ಎಂಬ ಈ ವಿಯೆಟ್ನಾಮಿ ಹೆಂಗಸು ಎದುರಿಗೆ ಕುಳಿತು ಸುಳ್ಳಿನ ಬಾಯಿಪಾಠ ಮಾಡಿಸುತ್ತಿದ್ದಳು. ತೈವಾನಿನವನ ಹೆಂಡತಿ ಎಂದು ಅವಳಿಗೆ ಕಾಯಂ ವಾಸದ ಪರವಾನಗಿ ಬೇಕಿತ್ತು. ವಿಚಾರಣೆಗೆ ವಲಸೆ ಕಚೇರಿಯ ಅಧಿಕಾರಿ ಇನ್ನೇನು ಬರುವವನಿದ್ದ. ಯಾರ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಈ ನಾಟಕಕ್ಕೆ ಒಪ್ಪಿಕೊಂಡೆನೋ ಎಂದು ಅವನು ತನ್ನನ್ನೇ ಬೈದುಕೊಂಡ.

“ನನಗೆ ಯಾವ ತಿಂಡಿ ಕಂಡ್ರೆ ಆಗಲ್ಲ ಹೇಳಿ, ರೀ.”

“ಇಲ್ಲಿ ನಾವಿಬ್ಬರೇ ಇರೋದು. ರೀ ಗೀ ಎಲ್ಲ ಯಾಕಮ್ಮ?”

“ಅಭ್ಯಾಸ ಆಗ್ಹೋಗಿದೆ.”

“ಬಲು ಬೇಗ ಅಭ್ಯಾಸ ಆಯ್ತು!”

ಅವಳು ನಕ್ಕಳು. ಮುಖ ಮಾತ್ರ ಕಿಟಕಿಯ ಕಡೆ ತಿರುಗಿತು.

ಆ-ತ್ಸೈಗೆ ಕುಳಿತಲ್ಲಿ ಕೂರಲಾಗಲಿಲ್ಲ. ಎದ್ದು ಬಾಗಿಲವರೆಗೆ ಹೋದ, ಬಂದ, ಮತ್ತೆ ಹೋದ. ಆಕೆಯೋ ಎದ್ದು ಒಲೆಯ ಮುಂದೆ ನಿಂತು, ಸ್ವಂತ ಮನೆಯಲ್ಲಿರುವಂತೆ ಕಣ್ಣು ಹಾಯಿಸದೆಯೇ ಉಪ್ಪಿನ ಡಬ್ಬಿಗೆ ಕೈ ಹಾಕುತ್ತಿದ್ದಳು. ಎಂಥ ಧೈರ್ಯ!

“ಪರವಾನಗಿ ಕೈಗೆ ಬರೋಕೆ ಎಷ್ಟು ದಿನ ಬೇಕು?”

“ಆರು ತಿಂಗಳು ಅಂತಾರೆ. ಇನ್ನೂ ತಡ ಆದ್ರೂ ಆಗಬಹುದು.”

“ಅಷ್ಟು ದಿನ ನಾನು ಸುಳ್ಳು ಹೇಳ್ಕೊಂಡು ಇರಬೇಕಾ?”

“ಅಷ್ಟು ದಿನ ನೀವು ಹೀಗೇ ಇದ್ರೆ ಸಾಕು. ಆಮೇಲೆ ಯಾವುದಕ್ಕೂ ನಿಮ್ಮ ಸಹಿ ಬೇಕಾಗಲ್ಲ.”

“ಆಮೇಲೆ ನನ್ನ ಬಿಟ್ಟು ಹೊರಟುಹೋಗ್ತೀಯ.”

“ಹೋಗು ಅಂತ ಯಾರೂ ಹೇಳಬಾರದು ಅಂತಾನೇ ಈ ಅರ್ಜಿ.”

ಬಾಗಿಲು ತಟ್ಟಿದ ಸದ್ದಾಯಿತು.

ಅಧಿಕಾರಿ ಚುವಾಂಗ್ ಬೂಟು ಕಳಚಿ ಒಳಗೆ ಬಂದ. ಥೋವಾ ಚಹಾ ತಂದಿಟ್ಟಳು. ಆ-ತ್ಸೈ ಮುಂದೆ ಮೀನುಂಡೆಯ ಸಾರು ಇಟ್ಟಳು. ಸಾರು ಹೀರುತ್ತಲೇ ಅವನು ಮಂಚದ ಪ್ರಶ್ನೆಗೆ ಸರಿಯಾಗಿ ಉತ್ತರಿಸಿದ. ತಿಂಡಿಯದೂ ದಾಟಿತು.

“ನೀವಿಬ್ಬರೂ ಮೊದಲು ಭೇಟಿಯಾಗಿದ್ದು ಎಲ್ಲಿ?”

ಮೀನು ಮಾರುಕಟ್ಟೆ ಎನ್ನಬೇಕಿತ್ತು. ಅವನು ಚಮಚ ಕೆಳಗಿಟ್ಟ. ಈ ಪಾಪ ಹೊತ್ತುಕೊಂಡು ಆರು ತಿಂಗಳೇ? ಆರು ನಿಮಿಷವೂ ತನ್ನಿಂದಾಗದು.

“ಸಾರ್, ಇನ್ನು ಹೊಟ್ಟೇಲಿ ಇಟ್ಕೊಳ್ಳೋಕೆ ಆಗಲ್ಲ. ಈಕೆ ನನ್ನ ಹೆಂಡತಿ ಅಲ್ಲ. ನನಗೆ ಮದುವೆನೇ ಆಗಿಲ್ಲ. ಹೇಳಿಕೊಟ್ಟಿದ್ದನ್ನ ಒಪ್ಪಿಸ್ತಾ ಇದೀನಿ, ಅಷ್ಟೇ.”

ಹೇಳಿಬಿಟ್ಟು ಕಣ್ಣು ಮುಚ್ಚಿದ. ಅವಳು ಕಿರುಚುತ್ತಾಳೆ, ಶಪಿಸುತ್ತಾಳೆ ಎಂದು ಕಾದ. ಅವಳು ಹತ್ತಿರ ಬಂದು ಅವನ ಗದ್ದಕ್ಕೆ ಮೆತ್ತಿದ್ದ ಸಾರನ್ನು ತನ್ನ ಅಂಗಿಯ ಅಂಚಿನಿಂದ ಒರೆಸಿದಳು.

ಚುವಾಂಗ್ ಪೆನ್ನು ಕೆಳಗಿಟ್ಟ. ಕಡತದಲ್ಲಿದ್ದ ಹಳೆಯ ಮದುವೆ ದಾಖಲೆಯನ್ನು ತಿರುವಿ ನೋಡಿದ.

“ಬಹಳ ದಿನದಿಂದಾನಾ?” ಎಂದು ಅವಳನ್ನು ಮೆಲ್ಲಗೆ ಕೇಳಿದ.

“ಹೋದ ವರ್ಷದಿಂದ, ಸಾರ್. ಅಲ್ಲೀವರೆಗೂ ಇವರ ಸಹಿಯಿಂದಾನೇ ವೀಸಾ ನವೀಕರಣ ಆಗ್ತಿತ್ತು. ತಿಳಿಸಿದ್ರೆ ಅರ್ಜಿ ತಿರಸ್ಕಾರ ಆಗುತ್ತೇನೋ ಅಂತ ಹೆದರಿದೆ.”

“ಹೆದರಬೇಡಿ. ನಾನೇ ಮುಂದಕ್ಕೆ ಕಳಿಸ್ತೀನಿ.”

ಆ-ತ್ಸೈ ಬೆಪ್ಪಾದ. ಬಾಯಿ ಬಿಟ್ಟು ನಿಜ ಹೇಳಿದರೂ ಸರಕಾರಕ್ಕೆ ಸಿಟ್ಟೇ ಬರಲಿಲ್ಲವಲ್ಲ!

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು, ಹೆಗಲಿಗೆ ಕಾಲೇಜಿನ ಚೀಲ ತೂಗುಹಾಕಿಕೊಂಡ ಹುಡುಗಿಯೊಬ್ಬಳು ಒಳಗೆ ಬಂದಳು. ಅವನದೇ ಚಪ್ಪಟೆ ಮೂಗು, ಥೋವಾಳದೇ ಕಣ್ಣು. ಅವನ ಪಕ್ಕದಲ್ಲಿ ಮೊಣಕಾಲೂರಿ, ಅವನ ಕೈಯನ್ನು ತನ್ನ ಕೈಗಳೊಳಗೆ ತೆಗೆದುಕೊಂಡಳು.

“ಅಪ್ಪಾ, ಇವತ್ತೂ ಅಮ್ಮನ ಗುರುತು ಸಿಗಲಿಲ್ವಾ?”