ನೋಡುಗರ ನೆಚ್ಚಿನ ಕ್ಷಣ

ಪರದೆಯ ಮೇಲೆ ಆ ಹುಡುಗ ಮತ್ತೊಮ್ಮೆ ಗೋಡೆಗೆ ಅಪ್ಪಳಿಸಿದ. ಈ ಸಲ ಸದ್ದು ಇನ್ನೂ ಸ್ಪಷ್ಟವಾಗಿತ್ತು. ಯಂತ್ರವೇ ಅದನ್ನು ಹೆಚ್ಚಿಸಿತ್ತು. ಬೆನ್ನಿಗೇ ಪೆರೋಗಿ ಕಡುಬಿನ ಜಾಹೀರಾತು: ಬೆಣ್ಣೆಯಲ್ಲಿ ಹೊರಳುವ ಕಡುಬು, ನಗುವ ಅಜ್ಜಿ.

ನೋರಾ ಫ್ರೀಸನ್ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದಳು.

"ಇದನ್ನ ಮತ್ತೆ ಯಾರು ಹಾಕಿದ್ದು?"

"ಯಾರೂ ಹಾಕಿಲ್ಲ ತಾಯಿ. ಅದೇ ಹಾಕ್ಕೊಂಡಿದೆ." ಡ್ವೇನ್ ಹೋಲ್ಟ್ ಗ್ರೇವಿಯಲ್ಲಿ ಅದ್ದಿದ ಆಲೂಗಡ್ಡೆಯ ಹೋಳನ್ನು ಬಾಯಿಗೆ ಹಾಕಿಕೊಂಡ. ಸಸ್ಕಟೂನ್ ಊರಿನ ಆ ಸಣ್ಣ ಕ್ರೀಡಾ ವಾಹಿನಿಗೆ ಅವನೇ ಮುಖ್ಯಸ್ಥ.

ಅದು ಎಂದರೆ ಯಂತ್ರ. ಐಸ್ ಹಾಕಿ ಪಂದ್ಯ ನಡೆಯುತ್ತಿರುವಾಗಲೇ ಅದು ಎಲ್ಲ ಕ್ಯಾಮೆರಾಗಳನ್ನೂ ಒಟ್ಟಿಗೆ ನೋಡುತ್ತಿತ್ತು. ಗೋಲು, ತಡೆ, ಜಗಳ, ಪ್ರತಿಯೊಂದನ್ನೂ ಗುರುತಿಸಿ ಆಟಗಾರನ ಹೆಸರಿನಡಿ ಜೋಡಿಸುತ್ತಿತ್ತು. ವಿರಾಮಕ್ಕೆ ಆಟಗಾರರು ಒಳಗೆ ಹೋಗುವಷ್ಟರಲ್ಲಿ ಆಟದ ಸಾರಾಂಶ ಸಿದ್ಧ. ಹಿಂದೆ ಆ ಕೆಲಸ ನೋರಾಳದಾಗಿತ್ತು. ಈಗ ಅವಳು ಯಂತ್ರದ ಉಸ್ತುವಾರಿ.

ಸಾರಾಂಶದ ಕೊನೆಗೆ 'ನೋಡುಗರ ನೆಚ್ಚಿನ ಕ್ಷಣ' ಎಂದೊಂದು ತುಣುಕು ಬರುತ್ತಿತ್ತು. ವಾಹಿನಿಯ ಆ್ಯಪ್‌ನಲ್ಲಿ ಯಾವುದನ್ನು ಜನ ಹೆಚ್ಚು ಸಲ ತಿರುಗಿಸಿ ನೋಡುತ್ತಾರೋ ಅದು. ಹೊಸ ವರ್ಷದಿಂದೀಚೆಗೆ ಆ ಜಾಗ ಲೇನ್ ಬೊಹೂನನದು. ಊರಿನ ತಂಡದ ಹುಡುಗ. ಎದುರಾಳಿಯೊಬ್ಬ ಹಿಂದಿನಿಂದ ಬಂದು ಗುದ್ದಿದ ರಭಸಕ್ಕೆ ತಲೆ ಮುಂದಾಗಿ ಅಂಕಣದ ಸುತ್ತಲಿನ ಗೋಡೆಗೆ ಹೋಗಿ ಬಿದ್ದಿದ್ದ. ಬೆನ್ನುಮೂಳೆ ಮುರಿದಿತ್ತು. ಸೊಂಟದಿಂದ ಕೆಳಗೆ ಸ್ವಾಧೀನ ಉಳಿದಿರಲಿಲ್ಲ.

ಇದೇ ವಾರ ಅವನ ತಾಯಿ ಜೂಡಿ ಕಚೇರಿಗೆ ಬಂದಿದ್ದಳು. ಹಿಮ ಮೆತ್ತಿದ ಬೂಟಿನಲ್ಲಿ ಬಾಗಿಲ ಬಳಿಯೇ ನಿಂತು ನೋರಾಳ ಕೈ ಹಿಡಿದುಕೊಂಡಿದ್ದಳು.

"ಬ್ಯಾಂಕಿಗೆ ಹೋದ್ರೆ ಅದೇ, ಹಲ್ಲಿನ ಡಾಕ್ಟರ ಹತ್ರ ಹೋದ್ರೂ ಅದೇ. ಎಲ್ಲೆಲ್ಲಿ ಟಿವಿ ಇದೆಯೋ ಅಲ್ಲೆಲ್ಲ ನನ್ನ ಮಗನ ಬೆನ್ನು ಮುರೀತಾನೇ ಇರುತ್ತೆ. ನಿಲ್ಸಿಬಿಡಮ್ಮ. ನಿನ್ನ ಕಾಲಿಗೆ ಬೀಳ್ತೀನಿ."

ಡ್ವೇನನಿಗೆ ಇದನ್ನೆಲ್ಲ ಹೇಳಿಯಾಗಿತ್ತು. ಇವತ್ತು ಮತ್ತೊಮ್ಮೆ ಹೇಳಿದಳು. ಅವನು ಜಿಡ್ಡು ಬೆರಳಿನಿಂದಲೇ ಪರದೆಯನ್ನು ತೋರಿಸಿದ.

"ಬೇರೆಯವರೆಲ್ಲ ಒಂದೆರಡು ಸಲ ನೋಡಿ ಬಿಟ್ರು ಕಣೇ. ಇಲ್ಲೊಬ್ಬ ಇದ್ದಾನೆ ನೋಡು. ಹೆಸರು ಗೊತ್ತಿಲ್ಲ, ಈ ಊರವನೇ. ಎದ್ದ ತಕ್ಷಣ ಇದು, ಊಟಕ್ಕೆ ಮುಂಚೆ ಇದು. ಗೋಡೆಗೆ ಬಡಿಯೋ ಹೊತ್ತಿಗೆ ಸರಿಯಾಗಿ ನಿಲ್ಲಿಸ್ತಾನೆ, ಮತ್ತೆ ಮೊದಲಿಂದ ಹಚ್ತಾನೆ. ಚಪ್ಪರಿಸಿ ತಿನ್ನೋ ಗಿರಾಕಿ!"

ಅವನು ನಕ್ಕಾಗ ಗ್ರೇವಿ ಗಲ್ಲಕ್ಕೆ ಇಳಿಯಿತು. ಆ ನೋಡುಗನ ಚಿತ್ರ ನೋರಾಳ ಕಣ್ಣೆದುರು ಬಂತು: ಕಿಟಕಿಗೆ ಪರದೆ ಎಳೆದ ಕೋಣೆ, ಸೋಫಾದಲ್ಲಿ ಚೆಲ್ಲಿಕೊಂಡ ಮೈ, ಉಪ್ಪು ಹತ್ತಿದ ಬೆರಳು, ಸ್ವಲ್ಪ ತೆರೆದ ಬಾಯಿ. ಮೂಳೆ ಮುರಿಯುವುದಕ್ಕೆ ಒಂದು ಗಳಿಗೆ ಮುಂಚೆ ನಿಲ್ಲಿಸಿ ಸುಖ ಪಡುವವನು.

"ಇಂಥ ಹೊಲಸು ಮನುಷ್ಯನಿಗೋಸ್ಕರ ನಾವು ಇಡೀ ಊರಿಗೆ ಇದನ್ನ ತೋರಿಸ್ಬೇಕಾ?"

"ಬೇಕು ಅಂದವರಿಗೆ ಬಡಿಸ್ತೀವಿ. ಪೆರೋಗಿಯವರೂ ಖುಷಿಯಾಗಿದ್ದಾರೆ. ನಿಂಗೆ ಹೇಸಿಗೆಯಾದ್ರೆ ಕಣ್ಮುಚ್ಕೋ."

ನೋರಾ ಕಣ್ಣು ಮುಚ್ಚಿಕೊಳ್ಳಲಿಲ್ಲ.

ಶನಿವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕೂತಳು. ತುಣುಕನ್ನಷ್ಟೇ ತೆಗೆದರೆ ಯಂತ್ರ ಮೂಲದಿಂದ ಇನ್ನೊಂದನ್ನು ಕತ್ತರಿಸಿಕೊಳ್ಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಮೂಲಕ್ಕೇ ಕೈ ಹಾಕಿದಳು. ಲೇನನ ಹಾಕಿ ಕೋಲಿಗೆ ಆಟದ ಬಿಲ್ಲೆ ಸಿಕ್ಕಲ್ಲಿಂದ ಹಿಡಿದು ಅವನನ್ನು ಹೊತ್ತು ಹೊರಗೆ ಒಯ್ಯುವವರೆಗೆ, ಒಂದೊಂದೇ ಕ್ಯಾಮೆರಾದಿಂದ ಅಳಿಸುತ್ತಾ ಹೋದಳು. ಆಮೇಲೆ ಕಾಪಿಟ್ಟ ಪ್ರತಿಗಳು. ಅಳಿಸಿದ್ದು ಮರಳಿ ಸಿಗದು, ಮುಂದುವರಿಯಲೇ ಎಂದು ಯಂತ್ರ ಕೇಳಿತು. ಹೂಂ ಎಂದು ಒತ್ತಿದಳು. ಚರಂಡಿಯಲ್ಲಿ ಅದ್ದಿದ್ದ ಕೈಯನ್ನು ಕೊನೆಗೂ ಸೋಪು ಹಚ್ಚಿ ತೊಳೆದಂತಾಯಿತು.

ಡ್ವೇನ್ ಬಂದಾಗ ಅವಳೇ ಎದುರು ಹೋದಳು.

"ಅಳಿಸಿಬಿಟ್ಟೆ. ಬುಡಸಮೇತ."

ಅವನ ಮುಖ ಕೆಂಪಡರಿತು. "ನಿನ್ನ ಹದಿನೇಳು ವರ್ಷದ ಕೆಲಸ ಹೋಯ್ತು ಕಣೇ! ತಲೆ ಕೆಟ್ಟಿದೆಯಾ ನಿಂಗೆ?"

"ಕೆಟ್ಟಿದ್ದು ಇಷ್ಟು ದಿನ." ನೋರಾ ಕೋಟು ಹಾಕಿಕೊಂಡು ಹೊರಬಿದ್ದಳು.

ಕಾರಿನಲ್ಲಿ ಕೂತೇ ಜೂಡಿಗೆ ಫೋನ್ ಮಾಡಿದಳು. ಆ ಕಡೆಯಿಂದ ಬಹಳ ಹೊತ್ತು ಅಳು ಮಾತ್ರ ಕೇಳಿಸಿತು. ಆಮೇಲೆ, "ಬಾರಮ್ಮ. ಅವನಿಗೆ ನೀನೇ ಹೇಳು. ಆ ದಿನದ ಮಾತನ್ನೇ ಎತ್ತಲ್ಲ ಅವನು. ಇದಾದ್ರೂ ಕೇಳಿ ನಗ್ತಾನೇನೋ" ಎಂದಳು ಜೂಡಿ.

ನದಿ ದಂಡೆಯ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಲೇನ್ ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿದ್ದ. ಪರದೆಯ ಮೇಲೆ ಕಂಡದ್ದಕ್ಕಿಂತ ಸಣ್ಣ ಹುಡುಗ. ತೊಡೆಯ ಮೇಲಿನ ಟ್ಯಾಬ್ಲೆಟ್ಟನ್ನು ಬೆರಳಿನಿಂದ ಕುಟ್ಟುತ್ತಿದ್ದ.

"ಇವ್ರು ನೋರಾ ಅಂತ, ಟಿವಿಯವ್ರು" ಎಂದಳು ಜೂಡಿ. "ನಿಂಗೊಂದು ಒಳ್ಳೇ ಸುದ್ದಿ ತಂದಿದ್ದಾರೆ."

ಹುಡುಗನ ಮುಖ ಅರಳಿತು. "ಟಿವಿಯವ್ರಾ? ಸದ್ಯ, ಬಂದ್ರಲ್ಲ! ನನ್ನ ತುಣುಕು ಬೆಳಿಗ್ಗೆಯಿಂದ ಬರ್ತಾನೇ ಇಲ್ಲ ಮೇಡಂ. ಹೆಸರು ಹಾಕಿ ಹುಡುಕಿದ್ರೂ ಇಲ್ಲ ಅನ್ನುತ್ತೆ."

"ಯಾವ ತುಣುಕೋ?" ಜೂಡಿಯ ದನಿ ಇಳಿಯಿತು.

"ಅದೇ ಅಮ್ಮ, ಆ ದಿನದ್ದು. ಬಿಲ್ಲೆ ತಗೊಂಡು ಈ ತುದಿಯಿಂದ ಆ ತುದಿಗೆ ಹೋಗ್ತೀನಲ್ಲ, ಎಲ್ಲರನ್ನೂ ದಾಟ್ಕೊಂಡು. ಅಷ್ಟು ಚೆನ್ನಾಗಿ ನಾನು ಯಾವತ್ತೂ ಆಡಿರ್ಲಿಲ್ಲ. ಗೋಡೆ ಬರೋದ್ರೊಳಗೆ ನಿಲ್ಲಿಸಿಬಿಡ್ತೀನಿ."

ನೋರಾ ಅವನ ಕುರ್ಚಿಯ ಪಕ್ಕ ಮಂಡಿಯೂರಿ ಕೂತಳು.

"ಜನ ಫೋನಲ್ಲಿ ತೆಗೆದಿದ್ದೆಲ್ಲ ಬಿದ್ದ ಮೇಲಿಂದು" ಎಂದು ಲೇನ್ ಟ್ಯಾಬ್ಲೆಟ್ಟನ್ನು ಅವಳ ಕೈಗಿಟ್ಟ. "ಅವತ್ತು ನಾನು ಓಡಿದ್ದು ಇದೊಂದರಲ್ಲೇ ಇರೋದು. ಸ್ವಲ್ಪ ಸರಿ ಮಾಡಿಕೊಡ್ತೀರಾ?"